ಖಾಲಿ ಸೀಟಿಗೆ ಬಹುಮಾನ, ಚಕ್ಕುಲಿಗೆ ದಂಡ

ಇಲ್ಲಿ ಬರೆದು ಬಹಳ ದಿನಗಳಾದವು. ಸಮಯ ಸಿಗಲಿಲ್ಲ ಅಂತ ಎಂದಿನ ಸಬೂಬು ಹೇಳಬಹುದಿತ್ತು. ಆದರೆ ದಿನಕ್ಕೆ ಮೂರು ಗಂಟೆ ಕಾರಿನಲ್ಲಿ ಒಬ್ಬನೇ ಕೂತಿರುವವನು ಸಮಯವಿಲ್ಲ ಎಂದರೆ ಯಾರು ನಂಬುತ್ತಾರೆ? ಸಮಯ ಧಾರಾಳವಾಗಿದೆ ಸ್ವಾಮಿ, ಕೈ ಖಾಲಿ ಇಲ್ಲ ಅಷ್ಟೆ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಗೇರ್ ಮೇಲೆ. ಈ ಬರಹದ ಮುಕ್ಕಾಲು ಪಾಲನ್ನು ಇಬ್ಬಲೂರು ಜಂಕ್ಷನ್ನಿನಲ್ಲಿ ನಿಂತು ತಲೆಯೊಳಗೇ ಬರೆದಿದ್ದೇನೆ.

ಬರೆಯಲು ಕಾರಣ ಒಂದು ಮೈಲ್. ಹೋದ ವಾರ ನಮ್ಮ ಆಫೀಸಿನ ಫೆಸಿಲಿಟಿ ವಿಭಾಗದವರು ಕಳಿಸಿದ್ದು. ಹತ್ತು ವರ್ಷ ಸರ್ವೀಸ್ ಮುಗಿಸಿದವರನ್ನು ಗೌರವಿಸಬೇಕೆಂದು ಕಂಪನಿ ತೀರ್ಮಾನಿಸಿದೆಯಂತೆ. ಶಾಲು, ಹಾರ ಏನಿಲ್ಲ. ಬೇಸ್‌ಮೆಂಟಿನಲ್ಲಿ ನನ್ನ ಹೆಸರಿಗೇ ಒಂದು ಕಾಯಂ ಪಾರ್ಕಿಂಗ್ ಜಾಗ! ಸ್ಟಿಕ್ಕರ್ ಕೂಡ ಬಂತು. ಅದೇ ವಾರ ಪರಿಸರ ದಿನಾಚರಣೆಯೂ ಇದ್ದಿದ್ದರಿಂದ ಎಲ್ಲರ ಡೆಸ್ಕಿಗೂ ಒಂದೊಂದು ಪುಟ್ಟ ಕುಂಡದಲ್ಲಿ ಗಿಡ ಬಂತು. ಗಿಡ ಹಿಡ್ಕೊಂಡು ಬೇಸ್‌ಮೆಂಟಿಗೆ ಇಳಿದರೆ ಸಾಲುಸಾಲಾಗಿ ಕಾರುಗಳು. ಪ್ರತಿಯೊಂದರಲ್ಲೂ ಬೆಳಿಗ್ಗೆ ಒಬ್ಬೊಬ್ಬರೇ ಬಂದಿದ್ದು. ಸಂಜೆ ಒಬ್ಬೊಬ್ಬರೇ ಹೋಗುವುದು, ಪಕ್ಕದ ಸೀಟಲ್ಲಿ ಗಿಡ ಇಟ್ಟುಕೊಂಡು.

ನಗು ಬರಬೇಕಿತ್ತು. ಬರಲಿಲ್ಲ. ನನಗೆ ನೆನಪಾಗಿದ್ದು ಅಕ್ಕ.

ಅಕ್ಕ ಅಂದರೆ ನನ್ನ ಸ್ವಂತ ಅಕ್ಕ ಅಲ್ಲ. ಟೆಸ್ಟಿಂಗ್ ಟೀಮಿನಲ್ಲಿದ್ದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ಹಾಗಾಗಿ ಇಡೀ ಪೂಲಿಗೆ ಅಕ್ಕ. 2014ರಲ್ಲಿ ಶುರುವಾದ ನಮ್ಮ ಕಾರ್‌ಪೂಲ್‌ನಲ್ಲಿ ನಾಲ್ಕು ಜನ. ನಾನು ಹೊಸಕೆರೆಹಳ್ಳಿಯವನು (ಮೂಲತಃ ಸಾಗರದ ಕಡೆಯವನು ಅನ್ನೋದು ನಿಮಗೆ ಗೊತ್ತೇ ಇದೆ). ಕತ್ರಿಗುಪ್ಪೆ ನೀರಿನ ಟ್ಯಾಂಕ್ ಹತ್ತಿರ ಅಕ್ಕ ಹತ್ತುತ್ತಿದ್ದರು, ದೇವೇಗೌಡ ಪೆಟ್ರೋಲ್ ಬಂಕ್ ಹತ್ತಿರ ರಾಯರು, ಸಾರಕ್ಕಿಯಲ್ಲಿ ಹಾಸನದ ಹುಡುಗ. ರಾಯರಿಗೂ ಅದು ನಿಜವಾದ ಹೆಸರಲ್ಲ. ಯಾವ ಕಾಗದಕ್ಕೆ ಸಹಿ ಹಾಕುವ ಮುಂಚೆಯೂ ಕೊನೆಯ ಸಣ್ಣಕ್ಷರದವರೆಗೂ ಓದುತ್ತಾರೆ, ಅದಕ್ಕೆ ಆ ಬಿರುದು. ಅಲ್ಲಿಂದ ಜಯದೇವ, ಸಿಲ್ಕ್ ಬೋರ್ಡ್, ಅಗರ, ಬೆಳ್ಳಂದೂರು. ಹತ್ತಿರ ಹತ್ತಿರ ಹದಿನೆಂಟು ಕಿಲೋಮೀಟರ್.

ಮೂವರ ಹತ್ತಿರ ಕಾರಿತ್ತು, ವಾರಕ್ಕೊಬ್ಬರ ಸರದಿ. ನಮ್ಮ ನಮ್ಮೊಳಗೆ ದುಡ್ಡಿನ ಮಾತೇ ಇಲ್ಲ. ಅಕ್ಕನ ಹತ್ತಿರ ಕಾರಿರಲಿಲ್ಲ. ಅದಕ್ಕೆ ಅವರು ಪ್ರತಿ ತಿಂಗಳ ಮೊದಲ ದಿನ ಒಂದು ಕವರಿನಲ್ಲಿ ಪೆಟ್ರೋಲಿನ ತಮ್ಮ ಪಾಲು ಹಾಕಿ ಡ್ಯಾಶ್‌ಬೋರ್ಡ್ ಮೇಲೆ ಇಡುತ್ತಿದ್ದರು. ಮದುವೆ ಮನೆಯ ಮುಯ್ಯಿ ಕವರಿನ ಹಾಗೆ, ಮೇಲೆ ಒಂದು ರೂಪಾಯಿ ನಾಣ್ಯ ಬೇರೆ ಅಂಟಿಸಿರುತ್ತಿತ್ತು. ಬೇಡ ಅಂದರೆ ಬೈಯುತ್ತಿದ್ದರು.

ಆ ಕಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆಫೀಸಿನೊಳಗೆ ಕಾಲಿಟ್ಟರೆ ಇಂಗ್ಲಿಷು, ಕ್ಯಾಂಟೀನಿನಲ್ಲಿ ಹಿಂದಿ, ಮನೆಗೆ ಬಂದರೆ ಮಕ್ಕಳ ಹೋಮ್‌ವರ್ಕು ಮತ್ತೆ ಇಂಗ್ಲಿಷು. ನಾನು ದಿನಕ್ಕೆ ಎರಡು ಗಂಟೆ ಹೊಟ್ಟೆ ತುಂಬ ಕನ್ನಡ ಮಾತಾಡುತ್ತಿದ್ದುದು ಆ ಕಾರಿನಲ್ಲಿ. ರಾಜ್ ಹಾಡೋ ವಿಷ್ಣು ಸಿನಿಮಾದ ಹಾಡೋ ಅಂತ ಜಗಳ, ಹಾಸನದ ಹುಡುಗನ ಊರಿನ ಆಲೂಗಡ್ಡೆ ರೇಟು, ಅಕ್ಕನ ಅತ್ತೆಯ ಗಾದೆಗಳು, ನಾನು ಇಲ್ಲಿ ಬರೆದದ್ದರಲ್ಲಿ ರಾಯರು ಹುಡುಕುತ್ತಿದ್ದ ಅಕಾರ ಹಕಾರದ ತಪ್ಪುಗಳು. ಈ ತಾಣದಲ್ಲಿ ಆ ವರ್ಷಗಳಲ್ಲಿ ಬಂದ ಎಷ್ಟೋ ಬರಹ ಆ ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿದ್ದು. ಸರದಿ ನನ್ನದಲ್ಲದ ವಾರಗಳಲ್ಲಿ ಹಿಂದೆ ಕೂತು ಬರೆಯುತ್ತಿದ್ದೆನಲ್ಲ! ಕಾರ್‌ಪೂಲ್ ಅಂದರೆ ಎಲ್ಲರೂ ಪೆಟ್ರೋಲು, ಹೊಗೆ, ಟ್ರಾಫಿಕ್ಕು ಅಂತಲೇ ಮಾತಾಡುತ್ತಾರೆ. ಅದು ಒಂದು ಜಗುಲಿ ಕೂಡ ಆಗಿತ್ತು ಮಾರಾಯ್ರೆ, ಚಕ್ರ ಇರುವ ಜಗುಲಿ.

2020ರ ಮಾರ್ಚ್‌ನಲ್ಲಿ ಎಲ್ಲ ನಿಂತಿತು, ಅದನ್ನು ಹೇಳಬೇಕಾಗಿಲ್ಲ. 2023ರ ಮಧ್ಯದಲ್ಲಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂದಾಗ ನಾವು ನಾಲ್ವರೂ ಮತ್ತೆ ಸೇರಿದೆವು. ಅಕ್ಕನ ಮಗಳು ಆಗ ಡೇಕೇರಿನಲ್ಲಿ. ಅದು ಮುಚ್ಚುವುದು ಸಂಜೆ ಏಳಕ್ಕೆ. ಐದೂಕಾಲಿಗೆ ಆಫೀಸು ಬಿಟ್ಟರೆ ಏಳರೊಳಗೆ ಕತ್ರಿಗುಪ್ಪೆ. ಅವರ ಇಡೀ ಉದ್ಯೋಗ ನಿಂತಿದ್ದು ಆ ಐದೂಕಾಲರ ಮೇಲೆ.

ಆ ವರ್ಷದ ಸೆಪ್ಟೆಂಬರ್ ಕೊನೆ ನೆನಪಿದೆಯಾ? 27ರ ಸಂಜೆ ಹೊರವರ್ತುಲ ರಸ್ತೆ ಪೂರ್ತಿ ಹೆಪ್ಪುಗಟ್ಟಿತ್ತು. ಟ್ರೆವರ್ ನೋವಾ ಎಂಬ ದೊಡ್ಡ ಹಾಸ್ಯಗಾರ ತನ್ನ ಕಾರ್ಯಕ್ರಮಕ್ಕೇ ತಡವಾಗಿ ತಲುಪಿದ್ದು ಅವತ್ತೇ. ಅದಾಗಿ ಕೆಲವೇ ದಿನಕ್ಕೆ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿ: ಬಿಳಿ ಬೋರ್ಡಿನ ಕಾರಿನಲ್ಲಿ ಕಾರ್‌ಪೂಲ್ ಮಾಡಿದರೆ ಹತ್ತು ಸಾವಿರದವರೆಗೆ ದಂಡ, ಆರ್‌ಸಿ ಆರು ತಿಂಗಳ ಮಟ್ಟಿಗೆ ಅಮಾನತು. ಸಾವಿರಾರು ಕಾರುಗಳು ಒಬ್ಬೊಬ್ಬರನ್ನೇ ಹೊತ್ತು ನಿಂತಿದ್ದ ರಸ್ತೆಯಲ್ಲಿ ತಪ್ಪಿತಸ್ಥನಾಗಿ ಕಂಡಿದ್ದು ನಾಲ್ಕು ಜನ ಇದ್ದ ಕಾರು! ಸಾರಿಗೆ ಸಚಿವ ರಾಮಲಿಂಗಾರೆಡ್ಡಿಯವರು ಆಮೇಲೆ ಸ್ಪಷ್ಟನೆ ಕೊಟ್ಟರು. ಕಾರ್‌ಪೂಲ್ ನಿಷೇಧಿಸಿಲ್ಲ, ಆ್ಯಪ್ ಕಂಪನಿಗಳು ಅನುಮತಿ ಇಲ್ಲದೆ ಖಾಸಗಿ ಕಾರುಗಳನ್ನು ವಾಣಿಜ್ಯಕ್ಕೆ ಬಳಸುವುದು ನಿಯಮಬಾಹಿರ ಎಂಬುದು ಅದರ ಸಾರ. ಸರಿ, ಒಪ್ಪೋಣ. ಆದರೆ ಸ್ಪಷ್ಟನೆ ಓದುವ ಮೊದಲೇ ಹೆದರಿಕೆ ಮನೆಮನೆಗೂ ಹೋಗಿತ್ತು.

ರಾಯರು ಮಾರನೇ ದಿನ ತಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಅದರಲ್ಲಿ ಬಳಕೆಯ ಮಿತಿ ಅಂತ ಒಂದು ಕಡೆ ಇರುತ್ತದೆ, ನಿಮ್ಮದರಲ್ಲೂ ಇದೆ, ತೆಗೆದು ನೋಡಿ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಈ ವಾಹನವನ್ನು ಬಳಸಿದರೆ ವಿಮೆ ಅನ್ವಯಿಸುವುದಿಲ್ಲ. "ಅಕ್ಕನ ಕವರು ಪ್ರತಿಫಲ ಅಲ್ವಾ?" ಅಂದರು ರಾಯರು. "ನಾಳೆ ಏನಾದ್ರೂ ಆಗಿ ಕಂಪನಿಯೋರು ಕೇಳಿದ್ರೆ ಏನು ಹೇಳ್ತೀರಿ?"

ನಮಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಈಗಲೂ ಖಚಿತವಾಗಿ ಹೇಳುವ ಒಂದು ಸಾಲು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ನನಗೆ ಸಿಕ್ಕಿಲ್ಲ. 1988ರ ಕಾಯ್ದೆಗೆ ಗೊತ್ತಿರುವುದು ಎರಡೇ: ಬಿಳಿ ಬೋರ್ಡು, ಹಳದಿ ಬೋರ್ಡು. ಬಾಡಿಗೆಗೆ ಓಡಿಸುವವನು ಪರ್ಮಿಟ್ ತಗೋಬೇಕು, ತನಗಾಗಿ ಓಡಿಸುವವನಿಗೆ ಬೇಡ. ತನಗಾಗಿ ಹೋಗುತ್ತಲೇ ಇನ್ನೊಬ್ಬರನ್ನೂ ಕೂರಿಸಿಕೊಂಡು ಖರ್ಚು ಹಂಚಿಕೊಳ್ಳುವವನು ಯಾವ ಬಣ್ಣ? 2020ರಲ್ಲಿ ಕೇಂದ್ರ ಸರಕಾರ ಆ್ಯಪ್ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿದಾಗ ಖಾಸಗಿ ಕಾರಿನ ಪೂಲಿಂಗಿಗೂ ಒಂದು ಜಾಗ ಕೊಟ್ಟಿತು. ಊರೊಳಗೆ ದಿನಕ್ಕೆ ನಾಲ್ಕು ಟ್ರಿಪ್ಪಿನ ಮಿತಿ, ರಾಜ್ಯ ಸರಕಾರ ಬೇಡವೆಂದರೆ ಅದೂ ಇಲ್ಲ. ಅದಾದರೂ ಆ್ಯಪಿನ ಮಾತು. ಆ್ಯಪೇ ಇಲ್ಲದೆ, ಒಂದೇ ಆಫೀಸಿನ ನಾಲ್ಕು ಜನ, ಒಂದು ಕವರು... ಇದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ಇಲ್ಲೇ ಒಂದು ಅಡ್ಡ ಮಾತು, ಪೂಲ್ ಮಾಡುವ ಮಿತ್ರರಿಗೆ ಉಪಯೋಗಕ್ಕೆ ಬರಬಹುದು. ಪ್ಯಾಕೇಜ್ ಪಾಲಿಸಿ, ಅಂದರೆ ನಾವು ಕಾಂಪ್ರಿಹೆನ್ಸಿವ್ ಅನ್ನುವುದು ಇದ್ದರೆ, ಖಾಸಗಿ ಕಾರಿನಲ್ಲಿ ಕೂತವರ ಹೊಣೆಯೂ ಅದರಲ್ಲಿ ಸೇರಿದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲೇ ಸ್ಪಷ್ಟಪಡಿಸಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಟುಕೊಂಡು ಗೆಳೆಯರನ್ನು ಕೂರಿಸಿಕೊಂಡರೆ ಆ ರಕ್ಷಣೆ ಇಲ್ಲ. ದುಡ್ಡಿನ ವಿಷಯ ಹಾಗಿರಲಿ, ಇದನ್ನು ಮೊದಲು ನೋಡಿಕೊಳ್ಳಿ.

ಸರಿ, ಕವರಿಗೆ ಬರೋಣ. ರಾಯರ ಮಾತಿಗೆ ಹೆದರಿ ಮೂವರೂ ಕೂಡಿ ಅಕ್ಕನಿಗೆ ಹೇಳಿದೆವು, ಇನ್ನು ಮೇಲೆ ದುಡ್ಡು ಬೇಡ, ಸುಮ್ಮನೆ ಬನ್ನಿ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ವರ್ಷ ಪಾಲುದಾರಳಾಗಿ ಬಂದೋಳು ಇನ್ಮೇಲೆ ಲಿಫ್ಟ್ ಕೇಳ್ಕೊಂಡು ಬರ್ಬೇಕಾ?"

ಕಾರಿದ್ದ ನಾವು ಮೂವರು ಸರದಿ ಮೇಲೆ ಓಡಿಸಿದರೆ ಅದು ಗೆಳೆತನ. ಕಾರಿಲ್ಲದವಳು ತನ್ನ ಪಾಲು ಕೊಟ್ಟರೆ ಅದು ಬಾಡಿಗೆ ಇರಬಹುದು ಅಂತ ಅನುಮಾನ! ಕಾರು ಕೊಳ್ಳದೇ ಇರುವವರಿಗಾಗಿ ಅಲ್ಲವೇ ಕಾರ್‌ಪೂಲ್ ಇರಬೇಕಾದದ್ದು? ಮುಂದಿನ ತಿಂಗಳ ಒಂದನೇ ತಾರೀಕು ಕವರು ಬರಲಿಲ್ಲ. ಬದಲಿಗೆ ಒಂದು ದೊಡ್ಡ ಡಬ್ಬಿ ತುಂಬ ಚಕ್ಕುಲಿ ಬಂತು. ಡ್ಯಾಶ್‌ಬೋರ್ಡ್ ಮೇಲೆ ಕುಟ್ಟಿ ಇಟ್ಟರು. "ಇದೂ ಪ್ರತಿಫಲಾನಾ ರಾಯರೇ? ಪಾಲಿಸೀಲಿ ಚಕ್ಕುಲಿ ಬಗ್ಗೆ ಏನ್ ಬರ್ದಿದೆ ನೋಡಿ." ರಾಯರು ಓದಲಿಲ್ಲ, ತಿಂದರು :-)

ಚಕ್ಕುಲಿಯಲ್ಲಿ ಹೇಗೋ ನಡೆಯುತ್ತಿತ್ತು. ಪೂಲನ್ನು ನಿಜವಾಗಿ ಮುರಿದದ್ದು ಸರಕಾರ ಅಲ್ಲ, ನಮ್ಮದೇ ಆಫೀಸು. 2024ರಲ್ಲಿ ಹೊಸ ನಿಯಮ ಬಂತು. ಟೀಮಿಗೊಂದು ದಿನ. ನನ್ನ ಟೀಮು ಮಂಗಳವಾರದಿಂದ ಗುರುವಾರ, ಅಕ್ಕನದ್ದು ಸೋಮ, ಬುಧ, ಶುಕ್ರ. ರಾಯರದ್ದು ಇನ್ನೇನೋ. ನಾಲ್ವರೂ ಒಟ್ಟಿಗೆ ಇರುವುದು ಬುಧವಾರ ಒಂದೇ ದಿನ, ಆ ದಿನವೇ ಸಂಜೆ ಆರಕ್ಕೆ ಹೊರದೇಶದವರ ಜೊತೆ ಮೀಟಿಂಗು. ನಾವು ಕೇಳಿಕೊಂಡೆವು, ದಿನ ಅದಲುಬದಲು ಮಾಡಿಕೊಡಿ ಅಂತ. ದಿನ ಹಂಚಿದ್ದೇ ಕುರ್ಚಿಗಳ ಲೆಕ್ಕಕ್ಕೆ, ಅದನ್ನು ಬದಲಿಸಲಾಗದು ಅಂದರು. ಕುರ್ಚಿಗೆ ಲೆಕ್ಕ ಇದೆ. ಕುರ್ಚಿಯ ಮೇಲೆ ಕೂರುವವಳು ಮನೆಯಿಂದ ಹೇಗೆ ಬರುತ್ತಾಳೆ ಅನ್ನುವುದಕ್ಕೆ ಇಲ್ಲ.

ಅಕ್ಕ ಬನಶಂಕರಿವರೆಗೆ ಆಟೋ, ಅಲ್ಲಿಂದ 500 ಸರಣಿಯ ಬಸ್ಸು ಹಿಡಿಯಲು ಶುರುಮಾಡಿದರು. 2023ರ ಜೂನ್‌ನಿಂದ ಹೆಂಗಸರಿಗೆ ಮಾಮೂಲಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ. "ಟಿಕೆಟ್ ಪುಕ್ಕಟೆ ಕಣೋ, ಡೇಕೇರಿನ ಲೇಟ್ ಫೀಸು ಪುಕ್ಕಟೆ ಅಲ್ಲ" ಅಂತ ನಗುತ್ತಿದ್ದರು. ಎಂಟು ಗಂಟೆಗೆ ಮನೆ ಮುಟ್ಟುವುದು, ಮಗು ಆಯಾ ಜೊತೆ ಗೇಟಿನ ಹತ್ತಿರ ಕೂತಿರುವುದು. ಆರು ತಿಂಗಳು ಎಳೆದರು. 2025ರ ಆರಂಭದಲ್ಲಿ ರಾಜೀನಾಮೆ ಕೊಟ್ಟರು. ಹಳದಿ ಮೆಟ್ರೋ ಸಿಲ್ಕ್ ಬೋರ್ಡಿನವರೆಗೆ ಓಡಲು ಶುರುವಾದದ್ದು ಆ ವರ್ಷದ ಆಗಸ್ಟ್‌ನಲ್ಲಿ, ಅಷ್ಟು ಹೊತ್ತಿಗೆ ಅವರ ಸೀಟಿನಲ್ಲಿ ಬೇರೆಯವರಿದ್ದರು. ಎಚ್‌ಆರ್ ಕಡತದಲ್ಲಿ ಕಾರಣ: ವೈಯಕ್ತಿಕ.

ನನ್ನ ತಕರಾರು ಇಷ್ಟೇ. ಈ ಊರಿನಲ್ಲಿ ಕಾರನ್ನು ಹಂಚಿಕೊಂಡು ಬರುವವನು ಪ್ರತಿ ಹೆಜ್ಜೆಗೂ ತಾನು ನಿರಪರಾಧಿ ಎಂದು ತೋರಿಸಬೇಕು, ಒಬ್ಬನೇ ಬರುವವನಿಗೆ ಎಲ್ಲರೂ ಬಾಗಿಲು ತೆರೆದು ನಿಂತಿರುತ್ತಾರೆ. ಕಾನೂನೂ ಹಾಗೆ, ಕಂಪನಿಯೂ ಹಾಗೆ, ನಾವೂ ಹಾಗೆ.

ಪಾರ್ಕಿಂಗನ್ನೇ ತಗೊಳ್ಳಿ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಒಳಗೆ ಬರುವ ಹೋಗುವ ದಾರಿ ಸೇರಿಸಿದರೆ ಹೆಚ್ಚುಕಡಿಮೆ ದುಪ್ಪಟ್ಟು. ನನ್ನ ಡೆಸ್ಕನ್ನು ಮೊನ್ನೆ ಟೇಪು ಹಿಡಿದು ಅಳೆದೆ: ನಾಲ್ಕಡಿ ಅಗಲ, ಎರಡಡಿ ಆಳ. ಅಂದರೆ ದಿನವಿಡೀ ಕೆಲಸ ಮಾಡುವ ನನಗಿಂತ ದಿನವಿಡೀ ಸುಮ್ಮನೆ ನಿಂತಿರುವ ನನ್ನ ಕಾರಿಗೆ ಕಂಪನಿ ಜಾಸ್ತಿ ಜಾಗ ಕೊಟ್ಟಿದೆ! ಆ ಜಾಗಕ್ಕೆ ಕಂಪನಿ ಬಾಡಿಗೆ ಕಟ್ಟುತ್ತದೆ. ನನಗೆ ಉಚಿತ. ಬಸ್ಸಿನಲ್ಲಿ ಬಂದ ಅಕ್ಕನಿಗೆ ಆ ಬಾಡಿಗೆಯಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ಒಂದೇ ಕಾರಿನಲ್ಲಿ ನಾಲ್ವರು ಬಂದು ಮೂರು ಜಾಗ ಉಳಿಸಿಕೊಟ್ಟ ಅಷ್ಟು ವರ್ಷ ಯಾರಾದರೂ ಥ್ಯಾಂಕ್ಸ್ ಅಂದರಾ? ಊಹೂಂ.

ಇದು ನನ್ನ ಹೊಸ ತರ್ಕವೇನಲ್ಲ. 2005ರಲ್ಲಿ ಡೊನಾಲ್ಡ್ ಶೂಪ್ ಎಂಬ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಉಚಿತ ಪಾರ್ಕಿಂಗ್ ಎಷ್ಟು ದುಬಾರಿ ಅಂತ ಒಂದು ದಪ್ಪ ಪುಸ್ತಕವನ್ನೇ ಬರೆದರು. ಅದಕ್ಕೂ ಮುಂಚೆ, 1992ರಲ್ಲಿ, ಆ ರಾಜ್ಯ ಒಂದು ಕಾನೂನು ತಂದಿತ್ತು: ಪಾರ್ಕಿಂಗ್ ಜಾಗವನ್ನು ಬಾಡಿಗೆಗೆ ಪಡೆದು ನೌಕರರಿಗೆ ಪುಕ್ಕಟೆ ಕೊಡುವ ದೊಡ್ಡ ಕಂಪನಿಗಳು, ಜಾಗ ಬೇಡವೆನ್ನುವ ನೌಕರನಿಗೆ ಅಷ್ಟೇ ಬೆಲೆಯ ದುಡ್ಡು ಕೊಡಬೇಕು. ಹಾಗೆ ಮಾಡಿದ ಎಂಟು ಕಂಪನಿಗಳನ್ನು ಶೂಪ್ ನೋಡಿದಾಗ ಒಬ್ಬೊಬ್ಬರೇ ಕಾರಲ್ಲಿ ಬರುವವರು ಶೇಕಡಾ 17ರಷ್ಟು ಕಡಿಮೆಯಾಗಿದ್ದರು, ಕಾರ್‌ಪೂಲ್ ಮಾಡುವವರು ಶೇಕಡಾ 64ರಷ್ಟು ಹೆಚ್ಚಿದ್ದರು. ಯಾರಿಗೂ ಭಾಷಣ ಮಾಡಲಿಲ್ಲ, ಗಿಡ ಹಂಚಲಿಲ್ಲ. ದುಡ್ಡು ತೋರಿಸಿದರು ಅಷ್ಟೆ. ಅಮೆರಿಕದಲ್ಲಿರುವ ನಮ್ಮ ಮಿತ್ರರಲ್ಲಿ ವಾಷಿಂಗ್ಟನ್ ಕಡೆಯವರಿದ್ದರೆ ಇನ್ನೊಂದು ಸೋಜಿಗ ಗೊತ್ತಿರುತ್ತದೆ. 1970ರ ದಶಕದಿಂದ ಅಲ್ಲಿ ಗುರುತು ಪರಿಚಯವಿಲ್ಲದವರು ಸಾಲಾಗಿ ನಿಂತು ಯಾರದೋ ಕಾರು ಹತ್ತಿ ಆಫೀಸಿಗೆ ಹೋಗುತ್ತಾರೆ. ಒಳ್ಳೆಯತನದಿಂದ ಅಲ್ಲ. ಹೆದ್ದಾರಿಯಲ್ಲಿ ಮೂರು ಜನರಿರುವ ಕಾರಿಗೆ ಬೇರೆ ಲೇನ್ ಇದೆ, ಅದಕ್ಕೆ ಕಾರಿನವನಿಗೇ ಜನ ಬೇಕು!

ನಾವೇನು ಮಾಡಿದೆವು? 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೆಂದು ಗೂಟ ನೆಟ್ಟು ಪ್ರತ್ಯೇಕ ಲೇನ್ ಮಾಡಿದಾಗ ಕಾರಿನೊಳಗಿಂದ ಶಾಪ ಹಾಕಿದವರಲ್ಲಿ ನಾನೂ ಒಬ್ಬ. ಹಳೆಯ ಪೋಸ್ಟು ಹುಡುಕಬೇಡಿ, ಇದೆ, ನಾಚಿಕೆಯಾಗುತ್ತದೆ. ಮೆಟ್ರೋ ಕಾಮಗಾರಿ ಬಂದ ಮೇಲೆ ಆ ಗೂಟಗಳೂ ಮಾಯವಾದವು.

ಟ್ಯಾಕ್ಸಿಯವರ ಹೊಟ್ಟೆ ಮೇಲೆ ಹೊಡೆದಂತೆ ಅಲ್ಲವೇ ಅನ್ನುತ್ತೀರಾ? ಅವರ ದೂರಿನಲ್ಲಿ ಸತ್ಯ ಇದೆ. ಪರ್ಮಿಟ್ಟು, ಎಫ್‌ಸಿ, ಹಳದಿ ಬೋರ್ಡಿನ ತೆರಿಗೆ, ದುಬಾರಿ ವಿಮೆ ಎಲ್ಲ ಕಟ್ಟಿ ರಸ್ತೆಗಿಳಿದವನ ಪಕ್ಕದಲ್ಲೇ ಬಿಳಿ ಬೋರ್ಡಿನವನು ದಿನವಿಡೀ ಬಾಡಿಗೆ ಹೊಡೆದರೆ ಸಿಟ್ಟು ಬರದೇ ಇರುತ್ತದಾ? ಹಾಗೆ ಮಾಡುವವನನ್ನು ಹಿಡಿಯಲಿ, ದಂಡ ಹಾಕಲಿ. ಆದರೆ ಅಕ್ಕ ನಮ್ಮ ಕಾರಿಗೆ ಬರದಿದ್ದರೆ ದಿನಾ ಟ್ಯಾಕ್ಸಿ ಮಾಡುತ್ತಿದ್ದರಾ? ಕೆಲಸ ಬಿಟ್ಟರು, ನೋಡಿದಿರಲ್ಲ. ಇವೆರಡನ್ನೂ ಬೇರೆ ಮಾಡುವುದು ಕಷ್ಟವೇನಲ್ಲ. ಫ್ರಾನ್ಸಿನಲ್ಲಿ 2015ರಲ್ಲಿ ಕಾನೂನಿನಲ್ಲೇ ಬರೆದರು: ಚಾಲಕ ತಾನು ಹೇಗೂ ಹೋಗುವ ದಾರಿಯಲ್ಲಿ ಇತರರನ್ನು ಕರೆದೊಯ್ದು, ಖರ್ಚು ಹಂಚಿಕೊಳ್ಳುವುದರ ಹೊರತು ಬೇರೇನೂ ಪಡೆಯದಿದ್ದರೆ ಅದು ಸಹಪ್ರಯಾಣ. ಅಷ್ಟೇ. ನಮ್ಮ ದಿನದ ಲೆಕ್ಕ ಕೇಳಿ: ಹೋಗಿ ಬರಲು ಮೂವತ್ತಾರು ಕಿಲೋಮೀಟರ್, ಈ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಬಂದರೆ ಪುಣ್ಯ, ಮೂರು ಲೀಟರು, ಮುನ್ನೂರು ಚಿಲ್ಲರೆ ರೂಪಾಯಿ. ನಾಲ್ವರಲ್ಲಿ ಹಂಚಿದರೆ ತಲಾ ಎಪ್ಪತ್ತೈದರ ಆಸುಪಾಸು. ಇದರಲ್ಲಿ ಯಾವ ಮಹಾ ಲಾಭ ಕಂಡಿತು ನಿಮಗೆ?

ಇನ್ನು ನಾವು. ಹಾಸನದ ಹುಡುಗನಿಗೆ ಬುಧವಾರ ಒಂದಾದರೂ ಒಟ್ಟಿಗೆ ಹೋಗೋಣ ಬಾರೋ ಅಂದೆ. "ಬೇಡ ಗುರೂ, ಒಬ್ನೇ ಇದ್ರೆ ಪಾಡ್‌ಕಾಸ್ಟ್ ಕೇಳ್ಕೊಂಡು ಆರಾಮಾಗಿ ಬರ್ತೀನಿ" ಅಂದ. ರಾಯರು ಹೊಸ ಎಸ್‌ಯುವಿ ತಗೊಂಡಿದ್ದಾರೆ, ಏಳು ಸೀಟಿನದ್ದು. ಅದರಲ್ಲಿ ಬರುವುದು ರಾಯರು ಮತ್ತು ಅವರ ಊಟದ ಡಬ್ಬಿ. ನಾನೂ ಸಾಚಾ ಏನಲ್ಲ. ಅಕ್ಕ ಬಸ್ಸಿಗೆ ನಿಲ್ಲುತ್ತಿದ್ದ ಆ ಆರು ತಿಂಗಳಲ್ಲಿ ಒಂದು ದಿನವಾದರೂ ಮ್ಯಾನೇಜರ್ ಹತ್ತಿರ ಹೋಗಿ, ನನ್ನ ದಿನ ಬದಲಿಸಿ, ಇಲ್ಲದಿದ್ದರೆ ಇವರು ಕೆಲಸ ಬಿಡುತ್ತಾರೆ ಅಂತ ಜಗಳ ಮಾಡಿದೆನಾ? ಮೈಲ್ ಹಾಕಿದೆ, ಉತ್ತರ ಬಂತು, ಸುಮ್ಮನಾದೆ. ರಸ್ತೆಗುಂಡಿಗೆ ಪಾಲಿಕೆಯನ್ನು ಬೈದು ಪುಟಗಟ್ಟಲೆ ಬರೆಯುವ ನನಗೆ ಅಲ್ಲಿ ಬಾಯಿ ಬಿದ್ದುಹೋಗಿತ್ತು.

ತಡವಾಗಿ ಒಂದು ಕೆಲಸ ಮಾಡಿದ್ದೇನೆ. ಕಾಯಂ ಪಾರ್ಕಿಂಗ್ ಮೈಲಿಗೆ ಉತ್ತರ ಬರೆದೆ: ಈ ಜಾಗ ನನಗೆ ಬೇಡ, ಮೂರು ಜನಕ್ಕಿಂತ ಹೆಚ್ಚು ಬರುವ ಯಾವುದೇ ಕಾರಿಗೆ ಇದನ್ನು ಮೀಸಲಿಡಿ, ಲಿಫ್ಟಿಗೆ ಹತ್ತಿರ ಇರುವ ಸಾಲನ್ನೆಲ್ಲ ಅಂಥವರಿಗೇ ಕೊಡಿ, ಪೂಲ್ ಮಾಡುವವರು ದಿನ ಹೊಂದಿಸಿಕೊಳ್ಳಲು ಬಿಡಿ. ಮೂರೇ ಸಾಲು. ನಿನ್ನೆ ಉತ್ತರ ಬಂತು. ನಿಮ್ಮ ಸಲಹೆಗೆ ಧನ್ಯವಾದ, ಪಾರ್ಕಿಂಗ್ ನೌಕರರ ಹೆಸರಿಗೆ ಮಾತ್ರ ಕೊಡಲಾಗುವುದು, ಪೂಲಿಗೆ ಕೊಡುವ ಅವಕಾಶ ಸಿಸ್ಟಮ್‌ನಲ್ಲಿ ಇಲ್ಲ. ಜಾಗ ನನ್ನ ಹೆಸರಿನಲ್ಲೇ ಮುಂದುವರಿಯುತ್ತದಂತೆ.

ಮತ್ತೆ ಬರೆದಿದ್ದೇನೆ, ಈ ಸಲ ಅಕ್ಕನ ವಿಷಯವನ್ನೂ ಸೇರಿಸಿ, ಎಚ್‌ಆರ್‌ಗೂ ಪ್ರತಿ ಹಾಕಿ. ಸ್ಟಿಕ್ಕರ್ ಡ್ರಾಯರಿನಲ್ಲಿದೆ, ಅಂಟಿಸಿಲ್ಲ. ಕಾರಂತೂ ಮಂಗಳವಾರದಿಂದ ಗುರುವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಕತ್ರಿಗುಪ್ಪೆ ದಾಟುತ್ತದೆ. ಬೆಳ್ಳಂದೂರು ಕಡೆ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ಕೆಳಗೆ ಒಂದು ಸಾಲು ಬರೆಯಿರಿ. ಮೂರು ಸೀಟು ಖಾಲಿ ಇದೆ. ಚಕ್ಕುಲಿ ಆದರೆ ಸಂತೋಷ. ಕವರು ತಂದರೂ ಈ ಸಲ ಬೇಡ ಅನ್ನುವುದಿಲ್ಲ.